ಗುಂಟೂರ ಕಾಯಿ

ಅಣ್ಣ ಬ್ಯಾಡಗಿ ಸ್ಟೇಶನ್ನಿನಾಗ ಇಳಿದಾಗ
ಬ್ಯಾನರಿನ ಮ್ಯಾಲೆ ಅವನ ಹೆಸರು ತಪ್ಪಾಗಿತ್ತು.
ಫಕ್ಕೀರೇಶನ ಕ-ಒತ್ತು ಎಲ್ಲೋ ಬಿದ್ದುಹೋಗಿತ್ತು.
ಹಾರ ಹಾಕಿದವರು ಕೈ ಚಾಚಿದರು,
ಅಂವ ಎಡಗೈ ಕೊಟ್ಟ.
ಬಲಗೈ ಜಾಕೆಟ್ಟಿನ ಕಿಸೆಯಾಗ
ಬ್ಯಾರೆಯವರ ಸಾಮಾನು ಇಟ್ಕೊಂಡಂಗ ಇತ್ತು.

ಎಂಟು ದಿನ ಮಂದಿ ಬಂದರು, ಚಾ ಕುಡಿದರು.
ಒಂಬತ್ತನೇ ದಿನ ಬರೇ ನಾವು:
ಅವ್ವ, ವೈನಿ, ಆರು ವರ್ಷದ ಸನ್ನಿಧಿ, ನಾನು,
ಮತ್ತ ಆ ಕೈ.

ಚೂರು ಮೊಣಕೈ ಕೆಳಗ ಹೊಕ್ಕಿತ್ತು.
ಪುಣೆಯ ಡಾಕ್ಟರು ಹೇಳಿ ಕಳಿಸಿದ್ದರು,
ನರ ದಿನಕ್ಕ ಒಂದು ಮಿಲಿಮೀಟರು ಬೆಳೀತೈತಿ,
ಬೆಳೆದರ.
ಸನ್ನಿಧಿ ಸಾಲಿ ಸ್ಕೇಲು ತಂದು
ಗಾಯದಿಂದ ಉಗುರಿನ ತನಕ ಅಳೆದಳು,
ನೀಲಿ ಪೆನ್ನಿಲೆ ಗೆರಿ ಹೊಡೆದಳು:
"ದೀಪಾವಳಿಗೆ ಇಲ್ಲಿ, ಯುಗಾದಿಗೆ ಇಲ್ಲಿ,
ಅಪ್ಪಾ, ನನ್ನ ಬರ್ಥ್‌ಡೇಕ್ಕ ಇಲ್ಲಿ."
ಅಂವ ಕಿಟಕಿ ಕಡೆ ನೋಡ್ತಿದ್ದ,
ಪೆನ್ನು ಮುಟ್ಟಿದ್ದೂ ಗೊತ್ತಾಗಲಿಲ್ಲ.

ಆಸ್ಪತ್ರಿಯವರು ಕೊಟ್ಟ ರಬ್ಬರ ಚಂಡು
ಮೂರನೇ ದಿನಕ್ಕ ಹಂಚಿನ ಮ್ಯಾಲೆ ಹೋತು.
ವೈನಿ ಅಂಗಿ ಗುಂಡಿ ಹಾಕಾಕ ಹೋದರ
ಗೋಡಿ ಕಡೆ ಮಾರಿ ತಿರುಗಿಸ್ತಿದ್ದ.
ಒಂದು ರಾತ್ರಿ ಅಕಿ ಭಾಂಡೆ ತಿಕ್ಕೋತ ನನ್ನ ಕೇಳಿದಳು,
"ಚೂರು ಹೊಕ್ಕದ್ದು ಕೈಯಾಗ,
ನಾಲಿಗಿ ಯಾಕ ಬಿದ್ದೈತಿ?"

ಅವ್ವ ಏನೂ ಅನ್ನಲಿಲ್ಲ.
ಮೂವತ್ತು ವರ್ಷ ಮೆಣಸಿನಕಾಯಿ ತೊಟ್ಟು ಬಿಡಿಸಿದಾಕಿ,
ಮಂದಿ ಸೀನೋ ಕಡೆ ಅಕಿಗೆ ನಿದ್ದಿ ಬರತೈತಿ.
ಒಂದು ಮುಂಜಾನೆ ಅರ್ಧ ಚೀಲ ಕಡ್ಡಿ ಕಾಯಿ
ಪಡಸಾಲ್ಯಾಗ ಅವನ ಮುಂದ ಸುರುವಿ
"ಸುಮ್ನ ಕುಂತೀಯಲ್ಲ" ಅಂದಳು, ಅಷ್ಟ.
ಬೀಬಿಜಾನವ್ವ ಎದುರಿಗೆ ಕುಂತು
ಸೊಸಿ ತವರಿಗೆ ಹೋದ ಸುದ್ದಿ ಶುರು ಹಚ್ಚಿದಳು.
ಯಾರೂ ಕೈ ನೋಡಲಿಲ್ಲ.

ಕಾಯಿ ಜಾರಿತು. ಮುರೀತು. ಬೀಜ ಚೆಲ್ಲಿದವು.
ಹೆಬ್ಬಟ್ಟು ಒಂದ ಕಡೆ, ತೋರಬೆರಳು ಒಂದ ಕಡೆ,
ಮಾತು ಬಿಟ್ಟ ದಾಯಾದಿಗಳಂಗ.
ಸಂಜಿಗೆ ಮುಕಾದಮ ತೂಗಿದ, ಪಾವು ಕಿಲೋ.
ಮೂರು ರೂಪಾಯಿ.
ತನ್ನ ಹೆಸರಿನ ಕೆಳಗ ಅವ್ವ ಬ್ಯಾರೆ ಸಾಲು ಬರೆಸಿದಳು,
ಫಕ್ಕೀರೇಶ,
ಒತ್ತು ಬಿದ್ದೈತಿಲ್ಲೋ ನನ್ನ ಕೇಳಿ ನೋಡಿಸಿದಳು.

ದೀಪಾವಳಿ ಗೆರಿ ದಾಟಿತು. ಏನಿಲ್ಲ.
ಸಂಕ್ರಾಂತಿಗೆ ದಿನಕ್ಕ ಮೂರು ಕಿಲೋ ಆತು, ಆದರ
ಕಣ್ಣಿಲೆ ಬಿಡಿಸ್ತಿದ್ದ,
ಬೆರಳಿಗೆ ಸುದ್ದಿ ಮುಟ್ಟಿರಲಿಲ್ಲ.
ನಮ್ಮೂರ ಕಾಯಿ ಬಣ್ಣದ್ದು, ಸಾಧು, ಸುಡೋದು ಕಮ್ಮಿ.
ಆ ಮಂಗಳವಾರ ಕೋಲ್ಡ್ ಸ್ಟೋರೇಜಿನಿಂದ
ಗುಂಟೂರ ಲೋಡು ಬಂತು.

ರಾತ್ರಿ ಎರಡಕ್ಕ ಒದರಿದ.
ಕನಸು ಅಂದಕೊಂಡ್ವಿ. ಮೊದಲೂ ಒದರ್ತಿದ್ದ,
ಯಾರ್ಯಾರದೋ ಹೆಸರು, ನಮಗ ಗೊತ್ತಿಲ್ಲದವರು.
ವೈನಿ ಲೈಟು ಹಾಕಿದಳು.
ಎದ್ದು ಕುಂತು ಕೈ ಊದಿಕೋತಿದ್ದ,
"ಉರಿಯಾಕತ್ತೈತಿ ಬೇ, ಉರಿಯಾಕತ್ತೈತಿ!"
ನಾನು ಕೊಬ್ಬರಿ ಎಣ್ಣಿಗೆ ಓಡಿದೆ.
ಅವ್ವ ಬಾಗಲಾಗ ನಿಂತು ಕೇಳಿದಳು,
"ಯಾವ ಕೈ?"

ಊದೋದು ನಿಲ್ಲಿಸಿದ.
ಎರಡೂ ಕೈ ಲೈಟಿಗೆ ಹಿಡಿದು ನೋಡಿಕೊಂಡ.
ಹೊರಗ ಒಂದು ಲಾರಿ ಗೇರು ಬದಲಿಸಿ ಹೋತು.
"ಬಲಗೈ."

ನನ್ನ ಕೈಯಾಗಿನ ಬಾಟ್ಲಿ ಅವ್ವ ಕಸಕೊಂಡಳು:
"ತಡಿ. ಒಂದೀಟ ಉರೀಲಿ."
ವೈನಿ ಆ ಕೈ ಎತ್ತಿ ಗಲ್ಲಕ್ಕ ಹಚ್ಚಿಕೊಂಡಳು,
ಅಕಿ ಗಲ್ಲಾನೂ ಉರೀತು,
ಬೈದಳು ಅವನ್ನ, ಬಂದಾಗಿಂದ ಮೊದಲ ಸಲ,
ಬಾಯಿ ತುಂಬ.

ಮುಂಜಾನೆ ಎರಡು ಗುಂಡಿ ತಾನ ಹಾಕಿಕೊಂಡ.
ಮೂರನೇದಕ್ಕ ಅಕಿನ್ನ ಕರೆದ.
ಸನ್ನಿಧಿ ಸ್ಕೇಲು ಹಿಡಕೊಂಡು ಬಂದು
ಕಿರಿಬೆರಳು ಚಿವುಟಿದಳು, "ಇದು?"
"ಅದಿನ್ನೂ ಗಡಿಯಾಗ ಐತಿ" ಅಂದ,
"ರಜಾ ಸಿಕ್ಕಿಲ್ಲ."

ಪಡಸಾಲ್ಯಾಗ ಅವ್ವ ಆಗಲೇ ಚೀಲ ಬಿಚ್ಚಿದ್ದಳು.
ಗುಂಟೂರದ್ದ.